ಅಡಿಕೆ ತೋಟದ ಕಾಳುಮೆಣಸಿಗೆ ರೋಮಿನ ಚೀಸ್

ಎಲ್ಲ ಚೀಸೂ ಬಿಸಿಗೆ ಒಂದೇ ಥರ ಕರಗುವುದಿಲ್ಲ. ರಿಕೋಟಾ ನಮ್ಮ ಪನೀರಿನ ಹಾಗೆ, ಕರಗುವುದೇ ಇಲ್ಲ. ಬೇಯಿಸಿ ಹಿಂಡಿದ ಹರಿವೆ ಸೊಪ್ಪಿನ ಜೊತೆ ಕಲಸಿ ಪಾಸ್ತಾದೊಳಗೆ ತುಂಬಲು ಲಾಯಕ್ಕು. ಮೊಝರೆಲ್ಲಾ ಎಳೆಎಳೆಯಾಗಿ ಕರಗುತ್ತದೆ. ನೀರಿನಲ್ಲಿಟ್ಟು ಮಾರುವ ಹಸಿ ಉಂಡೆಯಾದರೆ ಹರಿದು ಅರ್ಧ ಗಂಟೆ ಸೋರಲು ಬಿಡಿ, ಇಲ್ಲದಿದ್ದರೆ ಪಿಜ್ಜಾ ತಳ ಒದ್ದೆಮುದ್ದೆ.

ತಾಳ್ಮೆ ಬೇಡುವುದು ಮಾಗಿದ ಗಟ್ಟಿ ಚೀಸ್. ರೋಮಿನವರ ‘ಕಾಚೊ ಎ ಪೆಪೆ’ಗೆ ಬೇಕಾದ್ದು ಪಾಸ್ತಾ, ಪೆಕೊರಿನೊ ರೊಮಾನೊ, ಕಾಳುಮೆಣಸು, ಇಷ್ಟೇ. ಮೆಣಸು ನಮ್ಮ ಅಡಿಕೆ ಮರಗಳ ಮೇಲೆಯೇ ಹಬ್ಬಿದೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಇಟಲಿ ಅಡುಗೆ ನನಗೆ ಗೊತ್ತಿಲ್ಲ. ಪೆಕೊರಿನೊ ಕುರಿ ಹಾಲಿನದು, ಹೆಪ್ಪು ಹಾಕುವುದು ಕುರಿಮರಿಯ ಹೊಟ್ಟೆಯ ರೆನೆಟ್‌ನಿಂದ. ಸಸ್ಯಾಹಾರಿಗಳು ಹಸಿರು ಚುಕ್ಕೆಯ ಪಾರ್ಮೆಸಾನ್ ಗಡ್ಡೆ ತಂದುಕೊಳ್ಳಿ. ಉಪ್ಪು ತುಸು ಕಡಿಮೆ ಇರುತ್ತದೆ, ರುಚಿ ನೋಡಿ ಸೇರಿಸಿದರಾಯಿತು. ತುರಿದೇ ಮಾರುವ ಪುಡಿ ಬೇಡ, ಗಂಟಾಗದಿರಲೆಂದು ಬೆರೆಸಿದ ಪದಾರ್ಥದಿಂದ ಅದು ಸರಿಯಾಗಿ ಕರಗದು.

ಇಬ್ಬರಿಗೆ 200 ಗ್ರಾಂ ಸ್ಪಾಗೆಟಿ, ನುಣ್ಣಗೆ ತುರಿದ 100 ಗ್ರಾಂ ಚೀಸ್, ಒಂದೂವರೆ ಚಮಚ ಮೆಣಸು. ಮೆಣಸನ್ನು ಘಮ್ಮೆನ್ನುವಷ್ಟು ಹುರಿದು ತರಿತರಿಯಾಗಿ ಕುಟ್ಟಿ. ಪಾಸ್ತಾಕ್ಕೆ ಒಂದೂವರೆ ಲೀಟರ್ ನೀರು ಸಾಕು. ನೀರು ಕಡಿಮೆಯಿದ್ದಷ್ಟೂ ಗಂಜಿ ಗಟ್ಟಿ. ಪೂರ್ತಿ ಬೇಯಲು ಎರಡು ನಿಮಿಷ ಇರುವಾಗಲೇ ತೆಗೆದು, ಮೆಣಸು ಮತ್ತು ಒಂದು ಸೌಟು ಗಂಜಿನೀರಿನ ಜೊತೆ ಬಾಣಲೆಯಲ್ಲಿ ಬೇಯಿಸಿ. ಒಲೆ ಆರಿಸಿ, ಒಂದು ನಿಮಿಷ ಸುಮ್ಮನಿರಿ. ಉಗುರುಬೆಚ್ಚಗಿನ ಗಂಜಿನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿಟ್ಟ ಚೀಸನ್ನು ಆಮೇಲೆ ಸುರಿದು ಬಿಡದೆ ತಿರುವಿ.

ಕೆಡುವುದು ಇಲ್ಲೇ. ಬಿಸಿ 65 ಡಿಗ್ರಿ ದಾಟಿದರೆ ಚೀಸಿನ ಪ್ರೋಟೀನು ಒಂದಕ್ಕೊಂದು ಅಂಟಿ ರಬ್ಬರಿನಂಥ ಗಂಟಾಗುತ್ತದೆ, ಜಿಡ್ಡು ಬೇರೆಯಾಗುತ್ತದೆ. ಗಂಜಿಯ ಪಿಷ್ಟ ನಡುವೆ ನಿಂತು ಅದನ್ನು ತಡೆಯುತ್ತದೆ. ಭರವಸೆ ಸಾಲದಿದ್ದರೆ ಸಪಾಟು ಒಂದು ಟೀ ಚಮಚ ಕಾರ್ನ್‌ಫ್ಲೋರನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕಾಯಿಸಿ, ಗಟ್ಟಿಯಾದ ಮೇಲೆ ಆರಿಸಿ, ಚೀಸಿಗೆ ಸೇರಿಸಿ.

ಉಳಿದ ಗಡ್ಡೆಯನ್ನು ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಬೆವರಿ ಬೂಸ್ಟು ಹಿಡಿಯುತ್ತದೆ. ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಆದರೂ ಬೂಸ್ಟು ಬಂದರೆ ಸುತ್ತಲೂ ಎರಡೂವರೆ ಸೆಂಟಿಮೀಟರ್ ಕೊಯ್ದು ತೆಗೆದು ಉಳಿದದ್ದನ್ನು ಬಳಸಬಹುದು. ರಿಕೋಟಾ, ಹಸಿ ಮೊಝರೆಲ್ಲಾಗೆ ಬಂದರೆ ಪೂರ್ತಿ ಎಸೆಯಬೇಕು.