ಬೀಮ್ ಕೆಳಗಿನ 80 ಮಿಲಿಮೀಟರ್

ನಾನು ಡಿಸೈನ್ ಮಾಡಿದ ಮನೆಯಿಂದ ಮಾಸ್ತರರು ಮೊದಲ ಸಲ ಫೋನ್ ಮಾಡಿದ್ದು ಜುಲೈನಲ್ಲಿ. "ಸರ್, ಮಲಗೋ ಖೋಲಿ ಬಾಗಲಾ ಹಾಕಾಕ ಬರವಲ್ದ್ರಿ" ಅಂದರು. ಮಳೆಗಾಲಕ್ಕೆ ಕಟ್ಟಿಗೆ ಉಬ್ಬಿರುತ್ತದೆ ಎಂದು ಹೇಳಿ ಬಡಿಗನನ್ನು ಕಳಿಸಿದೆ. ಅವನು ಬಾಗಿಲಿನ ಮೇಲಂಚು ಹೆರೆದು ಬಂದ. ಮೂರು ವಾರಕ್ಕೆ ಮತ್ತೆ ಫೋನ್. ಕಿಟಕಿಯ ಮೂಲೆಯಿಂದ ಬಿರುಕು ಓರೆಯಾಗಿ ಮೇಲೇರಿದೆ, ಅದರೊಳಗೆ ನಾಣ್ಯ ಹೋಗುವಷ್ಟು ಜಾಗ ಇದೆ ಎಂದರು. "ಪ್ಲಾಸ್ಟರ್ ಬಿರುಕಿರಬೇಕ್ರಿ ಮಾಸ್ತರ್, ಹೊಸ ಮನಿ ಒಂದ್ ವರ್ಷ ಹಿಂಗ ಇರ್ತೈತಿ. ಆಮ್ಯಾಲ ಪುಟ್ಟಿ ಹಾಕಿ ಮುಚ್ಚೋಣಂತ." ಎರಡೂ ಸಲ ಮನೆ ನೋಡದೆಯೇ ಉತ್ತರ ಕೊಟ್ಟೆ. ಕಿಟಕಿ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಏನು ಹೇಳುತ್ತದೆ ಎಂದು ಪ್ರತಿವರ್ಷ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ನಾಲ್ಕನೇ ಸೆಮಿಸ್ಟರಿನ ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುವವನು ನಾನೇ.

ಆ ಮನೆ ಇರುವುದು ಹುಬ್ಬಳ್ಳಿಯ ಗದಗ ರಸ್ತೆ ಕಡೆ. ಅಪ್ಪಟ ಎರಿ ಭೂಮಿ, ಕಪ್ಪು ಮಣ್ಣು. ಏಪ್ರಿಲ್‌ನಲ್ಲಿ ಹೋದರೆ ನೆಲ ಬಾಯಿ ಬಿಟ್ಟುಕೊಂಡಿರುತ್ತದೆ, ಬಿರುಕಿನಲ್ಲಿ ಅಂಗೈ ಇಳಿಸಬಹುದು. ಎರಡು ಒಳ್ಳೆ ಮಳೆ ಬಿದ್ದರೆ ಅದೇ ನೆಲ ಉಬ್ಬಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬಂದ ಹಣವನ್ನೆಲ್ಲ ಈ ಮನೆಗೆ ಹಾಕಿದ್ದರು. ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಾಯಾ ಗಟ್ಟಿ ಇರ್ತೈತಲ್ರಿ?" 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಂದಿನಿಂದ ನನ್ನ ಟೇಬಲ್ಲಿನ ಮೇಲೆ ಎಲಿವೇಶನ್‌ಗಿಂತ ಮೊದಲು ಬರುವ ಮಾತು ಪಾಯದ್ದು. ಗಟ್ಟಿ ಇರುತ್ತದೆ ಎಂದು ಮಾತು ಕೊಟ್ಟೆ.

ಮಾತಿಗೆ ತಕ್ಕ ಡ್ರಾಯಿಂಗ್ ಕೂಡ ಮಾಡಿದ್ದೆವು. ಸ್ಟ್ರಕ್ಚರಲ್ ಇಂಜಿನಿಯರ್ ಜೊತೆ ಕೂತು ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡ ಅಗಲವಾಗಿರುವ ಕಾಂಕ್ರೀಟ್ ಕಂಬ, ಆಯ್ದುಕೊಂಡೆವು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ಮಣ್ಣಿಗೆಂದೇ ಬೆಳೆಸಿದ ಪದ್ಧತಿ ಅದು. ಮಳೆ-ಬಿಸಿಲಿಗೆ ಉಬ್ಬಿ ಕುಗ್ಗುವುದು ಮೇಲಿನ ಪದರ. ಪೈಲ್ ಅದನ್ನು ದಾಟಿ ಕನಿಷ್ಠ 3.5 ಮೀಟರ್ ಇಳಿಯಬೇಕು. ತಳದಲ್ಲಿ ಕಾಂಡದ ಸುಮಾರು ಎರಡೂವರೆ ಪಟ್ಟು ಅಗಲದ ಗಡ್ಡೆ, ಅದು ಮನೆಯನ್ನು ಕೆಳಗಿನಿಂದ ಹಿಡಿದಿರುತ್ತದೆ. ಪೈಲ್‌ಗಳ ತಲೆಯ ಮೇಲೆ ಬೀಮ್, ಬೀಮ್ ಮೇಲೆ ಗೋಡೆ. ಇನ್ನು ಬೀಮ್ ತಳಕ್ಕೂ ನೆಲಕ್ಕೂ ನಡುವೆ 80 ಮಿಲಿಮೀಟರ್ ಖಾಲಿ ಜಾಗ ಬಿಡಬೇಕು. ಮಣ್ಣು ಉಬ್ಬಿದರೆ ಉಬ್ಬಲಿಕ್ಕೆ ಅದೇ ಜಾಗ. ಡ್ರಾಯಿಂಗಿನಲ್ಲಿ ಇವೆಲ್ಲ ಇದ್ದವು. ಬೀಮ್ ಕೆಳಗೆ ಎರಡು ಗೆರೆ, ಪಕ್ಕದಲ್ಲಿ '80' ಎಂಬ ಅಂಕಿ. ಅಷ್ಟೇ ಇತ್ತು ಎನ್ನುವುದು ಆಮೇಲೆ ಕಾಡಿದ ಸಂಗತಿ.

ಇಪ್ಪತ್ತು ವರ್ಷದಿಂದ ನನ್ನದು ಎರಡು ಕೆಲಸ. ಬೆಳಿಗ್ಗೆ ಏಳಕ್ಕೆ ಸೈಟ್, ಹತ್ತರಿಂದ ನಾಲ್ಕು ಕಾಲೇಜು, ಸಂಜೆಯಿಂದ ಆಫೀಸು. ನಾವು ಓದುವಾಗ ಕಣ್ಣ ಮುಂದೆ ಇದ್ದವರು ಬಾಲಕೃಷ್ಣ ದೋಶಿ. ಸ್ವಂತ ಕಚೇರಿ ನಡೆಸುತ್ತಲೇ 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಿಲ್ಪ ಶಾಲೆ ಕಟ್ಟಿದವರು. ಕಟ್ಟುವವನೇ ಕಲಿಸಬೇಕು ಎಂದು ನಾನು ಈಗಲೂ ನಂಬುತ್ತೇನೆ. ಬೆಳಿಗ್ಗೆ ಸೈಟಿನಲ್ಲಿ ಸೆಂಟ್ರಿಂಗ್ ಹಲಗೆ ಸರಿದದ್ದು ಹನ್ನೊಂದಕ್ಕೆ ಸ್ಟುಡಿಯೋದಲ್ಲಿ ಪಾಠ ಆಗುತ್ತದೆ. ಮಕ್ಕಳು ಕೇಳುವ ಪ್ರಶ್ನೆ ಸಂಜೆ ನನ್ನ ಡ್ರಾಯಿಂಗನ್ನು ತಿದ್ದುತ್ತದೆ. ಈ ಹೋಗಿಬರುವಿಕೆ ಇಲ್ಲದಿದ್ದರೆ ನಾನು ಇಷ್ಟು ವರ್ಷ ಈ ವೃತ್ತಿಯಲ್ಲಿ ಉಳಿಯುತ್ತಿರಲಿಲ್ಲ.

ಆದರೆ ಇದಕ್ಕೆ ಬೇಕಾದ ಸಮಯವನ್ನು ಯಾರೂ ಕೊಡುವುದಿಲ್ಲ. ಕಾಲೇಜಿನಲ್ಲಿ ಬಯೋಮೆಟ್ರಿಕ್ ಹಾಜರಿ, ಸೈಟಿಗೆ ಹೋದ ಗಂಟೆ ರಜೆಗೆ ಜಮಾ. ಮಕ್ಕಳ ಡಿಸೈನ್‌ಗಳನ್ನು ಕೂತು ವಿಮರ್ಶಿಸುವ ಜ್ಯೂರಿಯ ತಾರೀಖು ಮೂರು ಸಲ ಬದಲಾಗಿ ಕೊನೆಗೆ ಬೀಳುವುದು ಕಾಂಕ್ರೀಟಿನ ದಿನವೇ. 40 ಮಕ್ಕಳ ಐದು ತಿಂಗಳ ಕೆಲಸವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಿ ಎನ್ನುತ್ತಾರೆ. ಪ್ರತಿವರ್ಷ ಮೀಟಿಂಗಿನಲ್ಲಿ ಹೇಳಿದ್ದೇನೆ, ನಡಾವಳಿಯಲ್ಲಿ ಬರೆದುಕೊಂಡಿದ್ದಾರೆ.

ಮಾಸ್ತರರ ಮನೆಯ ಪಾಯದ ಕೆಲಸ ನಡೆದಿದ್ದ ಆ ಮೇ ತಿಂಗಳಲ್ಲೂ ಹಾಗೇ ಆಯಿತು. ಹದಿನಾಲ್ಕನೆಯ ವಿದ್ಯಾರ್ಥಿನಿ ಶೀಟ್ ಹಚ್ಚಿದ್ದಳು. ಪ್ಲಾನ್ ಚೆನ್ನಾಗಿತ್ತು, ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿ ತೋರಿಸುವ ಸೆಕ್ಷನ್ನಿನಲ್ಲಿ ಮಾತ್ರ ನೆಲ ಎಂದರೆ ಒಂದು ದಪ್ಪ ಗೆರೆ, ಅದರ ಕೆಳಗೆ ಬಿಳಿ ಹಾಳೆ. ನಾನು ಎದ್ದು ನಿಂತೆ. ಡಂಬಳಕ್ಕೆ ಕರೆದೊಯ್ದು ದೊಡ್ಡಬಸಪ್ಪ ಗುಡಿಯ 24 ಮೂಲೆಗಳ ನಕ್ಷತ್ರ ಪ್ಲಾನನ್ನು ಬಿಸಿಲಿನಲ್ಲಿ ಅಳೆಸಿದ್ದೇನೆ, ಒಂದೊಂದು ಕೋನವನ್ನೂ ಚೂಪಾಗಿ ಬಿಡಿಸಿದ್ದೀರಿ, ಆ ಕಲ್ಲಿನ ಭಾರ ಎಲ್ಲಿಗೆ ಇಳಿಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ, ನೆಲ ಗೆರೆಯಲ್ಲ ಎಂದು ಜೋರು ದನಿಯಲ್ಲಿ ಹೇಳುತ್ತಿದ್ದೆ. ಆಗಲೇ ಜೇಬಿನಲ್ಲಿ ಫೋನ್ ನಡುಗಿತು. ಸೈಟ್ ಇಂಜಿನಿಯರ್ ಹುಡುಗ. ಎರಡು ಸಲ ಕಟ್ ಮಾಡಿದೆ. ಮೂರನೆಯ ಸಲ ಬಾಗಿಲ ಕಡೆ ತಿರುಗಿ ಎತ್ತಿಕೊಂಡೆ.

"ಸರ್, ಇಲ್ಲಿ ಖಾಲಿ ಐತ್ರಿ, ಗರಸು ಹಾಕಿ ತುಂಬಸ್ಲೇನ್ರಿ?"

"ಹೂಂ, ತುಂಬಸು. ನೀರು ಹೊಡದು ಛಲೋ ದಮ್ಮಸು ಮಾಡಸು."

ಫೋನ್ ಜೇಬಿಗಿಟ್ಟು ಆ ಹುಡುಗಿಯ ಕಡೆ ತಿರುಗಿ ಬಿಟ್ಟಲ್ಲಿಂದ ಮಾತು ಮುಂದುವರಿಸಿದೆ. ನನ್ನ ತಲೆಯಲ್ಲಿ ಇದ್ದದ್ದು ಪ್ಲಿಂತ್ ಫಿಲ್ಲಿಂಗ್, ಖೋಲಿಯೊಳಗೆ ನೆಲ ಎತ್ತರಿಸಲು ತುಂಬುವುದು, ಅದು ಆ ವಾರದ ಕೆಲಸ. ಅವನ ಕಣ್ಣ ಮುಂದೆ ಇದ್ದದ್ದು ಬೀಮ್ ಕೆಳಗಿನ ಖಾಲಿ ಜಾಗ. ಶಟರಿಂಗ್ ಬಿಚ್ಚಿದ ಮೇಲೆ ಗೌಂಡಿ ಕಾಕಾ ಅಲ್ಲಿ ಬಗ್ಗಿ ನೋಡಿ, ಇಲಿ ಹಾವು ಸೇರುತ್ತವೆ, ತುಂಬಿಬಿಡೋಣ ಎಂದಿದ್ದರಂತೆ. ಹುಡುಗನಿಗೂ ಅದು ಸರಿ ಅನ್ನಿಸಿತ್ತು. ಅವನು ಅದಕ್ಕೆ ಮೊದಲು ಕೆಲಸ ಮಾಡಿದ್ದು ಧಾರವಾಡದ ಪಶ್ಚಿಮಕ್ಕೆ, ಕೆಂಪು ಮಣ್ಣಿನ ಸೈಟಿನಲ್ಲಿ. ಅಲ್ಲಿ ಬೀಮನ್ನು ಕಾಂಕ್ರೀಟ್ ಹಾಸಿನ ಮೇಲೆ ನೆಲಕ್ಕೆ ಕೂರಿಸುವುದೇ ಸರಿಯಾದ ಪದ್ಧತಿ. ಅನುಮಾನ ಬಂದದ್ದರಿಂದಲೇ ಅವನು ಮೂರು ಸಲ ಫೋನ್ ಮಾಡಿದ್ದು.

ಮನೆ ಏರಿತು, ಸ್ಲ್ಯಾಬ್ ಬಿತ್ತು, ಮುಂದಿನ ವರ್ಷ ಫೆಬ್ರುವರಿಯಲ್ಲಿ ಗೃಹಪ್ರವೇಶದ ಹೋಳಿಗೆ ಉಂಡು ಬಂದೆ. ಆಮೇಲೆ ಜುಲೈ.

ಆಗಸ್ಟಿನಲ್ಲಿ ಕೊನೆಗೂ ಆ ಮನೆಗೆ ಹೋದೆ, 12 ವಿದ್ಯಾರ್ಥಿಗಳನ್ನು ಕರೆದುಕೊಂಡು. ಬಿರುಕು ಓದುವುದನ್ನು ಕಲಿಸುವುದು ನನ್ನ ಉದ್ದೇಶವಾಗಿತ್ತು. ಹಿತ್ತಲಿನ ಮೂಲೆಯಲ್ಲಿ ಮಾಳಿಗೆಯ ಮಳೆನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಅದನ್ನು ತೋರಿಸಿ, ನೋಡಿ, ನೀರು ಇಲ್ಲಿ ನಿಂತು ಮಣ್ಣು ಉಬ್ಬಿದೆ, ಆದರೂ ಬೀಮಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಕೆಳಗೆ ಖಾಲಿ ಜಾಗ ಇದೆ ಎಂದೆ. ಕೆಲಸದವನು ಗುದ್ದಲಿಯಿಂದ ಬೀಮ್ ಪಕ್ಕದ ಮಣ್ಣು ತೆಗೆದ. ನಾನು ಮಂಡಿಯೂರಿ ಕೈ ಒಳಗೆ ಹಾಕಹೋದೆ. ಬೆರಳು ತಾಗಿದ್ದು ಗರಸಿಗೆ. ಉಗುರಿನಿಂದ ಕೆರೆದರೂ ಉದುರದಷ್ಟು ಗಟ್ಟಿ. ನಾನು ಹೇಳಿದಂತೆಯೇ ನೀರು ಹೊಡೆದು ದಮ್ಮಸು ಮಾಡಿಸಿದ್ದ.

ಒಬ್ಬ ಹುಡುಗ ಮೆತ್ತಗೆ ಕೇಳಿದ: "ಸರ್, ಇಲ್ಲಿ ಖಾಲಿ ಇರಬೇಕಿತ್ತಲ್ರಿ?"

ಎದ್ದು ನಿಂತು ಸೈಟ್ ಇಂಜಿನಿಯರನ ಮುಖ ನೋಡಿದೆ. "ಯಾರು ತುಂಬಿದ್ದು ಇದನ್ನ?" ಅವನು ನನ್ನನ್ನೇ ನೋಡಿದ. ಏನೂ ಹೇಳಲಿಲ್ಲ. ನಾನು ಮಕ್ಕಳ ಕಡೆ ತಿರುಗಿ, ಡ್ರಾಯಿಂಗ್ ಎಷ್ಟು ಸರಿ ಇದ್ದರೂ ಸೈಟಿನಲ್ಲಿ ನಿಂತು ನೋಡುವವರು ಇಲ್ಲದಿದ್ದರೆ ಹೀಗಾಗುತ್ತದೆ ಎಂದು ಹೇಳಿದೆ. 12 ಮಕ್ಕಳ ಮುಂದೆ ಅವನನ್ನು ಪಾಠ ಮಾಡಿಬಿಟ್ಟೆ. ಕೊಡೆ ಹಿಡಿದು ನಿಂತಿದ್ದ ಮಾಸ್ತರರು, "ಇರಲಿ ಬಿಡ್ರಿ ಸರ್, ಸಣ್ಣ ಹುಡುಗ, ಗೊತ್ತಾಗಿರಲಿಕ್ಕಿಲ್ಲ" ಎಂದರು. ಆ ಮಾತಿಗೆ ಅವನ ಕತ್ತು ಕೆಂಪಾಯಿತು.

ಯಾವಾಗ ತುಂಬಿದ್ದು ಎಂದು ನೋಡಲು ಸೈಟ್ ರಜಿಸ್ಟರ್ ತರಲು ಹೇಳಿದೆ. ಕಾರಿನಿಂದ ತಂದ. ಪುಟವನ್ನು ತಾನೇ ತೆಗೆದು ನನ್ನ ಕೈಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವನ ದುಂಡನೆಯ ಅಕ್ಷರ: 'ಬೆಳಿಗ್ಗೆ 11.40. ಸರ್ ಫೋನಿನಲ್ಲಿ ಹೇಳಿದಂತೆ ಬೀಮ್ ಕೆಳಗೆ ಗರಸು ತುಂಬಿ ದಮ್ಮಸು ಮಾಡಿಸಿದೆ.' ತಾರೀಖು ನೋಡಿದೆ. ಜ್ಯೂರಿಯ ದಿನ. ಜ್ಯೂರಿ ಹಾಲಿನ ಬಾಗಿಲು, ಹಚ್ಚಿದ ಶೀಟ್, ನನ್ನದೇ ದನಿ, ಎಲ್ಲ ಒಟ್ಟಿಗೆ ಬಂತು. ಪುಟದ ಕೆಳಗೆ ಆ ವಾರಾಂತ್ಯಕ್ಕೆ ನಾನು ಹಾಕಿದ ಸಹಿಯೂ ಇತ್ತು. ಓದದೆ ಹಾಕಿದ ಸಹಿ.

ರಜಿಸ್ಟರ್ ಹಿಡಿದುಕೊಂಡು ಒಳಗೆ ಹೋದೆ, ಬಿರುಕು ನೋಡುವವನ ಹಾಗೆ. ಮಲಗುವ ಖೋಲಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಹತ್ತು ನಿಮಿಷ ಇರಬಹುದು. ಹೊರಗೆ ಮಕ್ಕಳು ಪಿಸುಗುಟ್ಟುವುದು ಕೇಳುತ್ತಿತ್ತು. ಆ ಹೊತ್ತಿನಲ್ಲಿ ನಾನು ಯೋಚಿಸಿದ್ದನ್ನು ಇಲ್ಲಿ ಬರೆಯಲೇಬೇಕು: ಹುಡುಗ ಬಾಯಿ ಬಿಡುವುದಿಲ್ಲ, ಮಾಸ್ತರರು ಆಗಲೇ ಕ್ಷಮಿಸಿದ್ದಾರೆ, ರಿಪೇರಿಯನ್ನು ಹೇಗೂ ನಾನೇ ಮಾಡಿಸುತ್ತೇನೆ, ಹೇಳದಿದ್ದರೆ ನಡೆದುಹೋಗುತ್ತದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಮಾಸ್ತರರ ಮನೆಯವರು ಎಲ್ಲರಿಗೂ ಚಹಾ ತಂದರು. ಹುಡುಗನಿಗೂ ಒಂದು ಕಪ್ ಕೊಟ್ಟು "ತಗೋರಿ ತಮ್ಮಾ" ಎಂದರು. ಅವನು ಬೇಡ ಎಂದು ತಲೆ ಅಲ್ಲಾಡಿಸಿದ.

ಹೊರಗೆ ಬಂದು ಎಲ್ಲರ ಮುಂದೆ ಆ ಪುಟವನ್ನು ಓದಿದೆ. ತುಂಬಲು ಹೇಳಿದ್ದು ನಾನು, ಏನು ಕೇಳುತ್ತಿದ್ದಾನೆ ಎಂದು ತಿಳಿಯದೆ ಹೇಳಿದೆ, ಈಗ ಅವನ ಮೇಲೆ ಹಾಕಿದ್ದೂ ತಪ್ಪು ಎಂದೆ. ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗೇನ್ ಮಾಡೋದ್ರಿ?" ಎಂದರು.

ಮಾಡಿದ್ದು ಇಷ್ಟು. ಒಂದೊಂದು ಮೀಟರ್ ಬಿಟ್ಟು ಒಂದೊಂದು ಮೀಟರ್‌ನಂತೆ ಹಾರೆಯಿಂದ ಗರಸು ಕೆದರಿ ತೆಗೆಸಿದೆವು. ಗರಸು ತಾನಾಗಿ ಉಬ್ಬುವುದಿಲ್ಲ, ಕೆಳಗಿನ ಎರಿ ಮಣ್ಣು ಉಬ್ಬಿ ಅದನ್ನು ಎತ್ತುತ್ತದೆ, ಅದು ಬೀಮನ್ನು ಎತ್ತುತ್ತದೆ, ತಳದ ಗಡ್ಡೆ ಬಿಡುವುದಿಲ್ಲ. ನಡುವೆ ಸಿಕ್ಕ ಗೋಡೆ ಸೀಳುತ್ತದೆ. ಒಳಗೋಡೆಗಳ ಬುಡದಲ್ಲಿ ಹೊಸ ಟೈಲ್ಸ್ ಒಡೆಯಬೇಕಾಯಿತು. ಮಣ್ಣು ಮತ್ತೆ ಒಳಗೆ ಜಾರದಂತೆ ಬೀಮಿನ ಬದಿಗೆ ಶಹಾಬಾದ್ ಕಲ್ಲು ನಿಲ್ಲಿಸಿದೆವು. ಮಾಳಿಗೆ ನೀರನ್ನು ರಸ್ತೆ ಗಟಾರಕ್ಕೆ ಒಯ್ದು, ಮನೆ ಸುತ್ತ ಇಳಿಜಾರಿನ ಕಾಂಕ್ರೀಟ್ ಹಾಸಿದೆವು. ಬಿರುಕುಗಳನ್ನು ಮಾತ್ರ ಮುಚ್ಚಲಿಲ್ಲ. ಗೋಡೆ ಮತ್ತೆ ಅಲುಗಿದರೆ ಒಡೆದು ತಿಳಿಯಲೆಂದು ಅವುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಾದೆವು. ಖರ್ಚು ಆಫೀಸಿನದು. ಟೈಲ್ಸ್ ಒಡೆಯುವ ದಿನ ಮಾಸ್ತರರು ಮನೆಯಲ್ಲಿ ಇರಲಿಲ್ಲ, ನೋಡಲಾಗುವುದಿಲ್ಲ ಎಂದು ತಮ್ಮನ ಮನೆಗೆ ಹೋಗಿದ್ದರು.

ಈಗ ಸೈಟಿನ ಪ್ರಶ್ನೆಗೆ ಬರೀ ಫೋನಿನಲ್ಲಿ ಉತ್ತರ ಕೊಡುವುದಿಲ್ಲ. ಫೋಟೋ, ಡ್ರಾಯಿಂಗ್ ನಂಬರ್, ರಿವಿಜನ್ ನಂಬರ್, ಇಷ್ಟು ಬರುವವರೆಗೆ ಕೆಲಸ ನಿಲ್ಲಲಿ. ಜ್ಯೂರಿಯ ದಿನ ಯಾವ ಸೈಟಿನಲ್ಲೂ ಪಾಯದ ಕೆಲಸ, ಕಾಂಕ್ರೀಟ್ ಇಡುವುದಿಲ್ಲ. ಕಂತ್ರಾಟುದಾರರು ಗೊಣಗುತ್ತಾರೆ, ಗೊಣಗಲಿ. ಎರಿ ಮಣ್ಣಿನ ಡ್ರಾಯಿಂಗಿನಲ್ಲಿ '80' ಎಂಬ ಅಂಕಿಯ ಪಕ್ಕ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸುತ್ತೇವೆ: 'ಇದು ಖಾಲಿ ಜಾಗ. ಮಣ್ಣು ಉಬ್ಬಲು ಬಿಟ್ಟದ್ದು. ತುಂಬಬಾರದು.' ಗೌಂಡಿಗೂ ತಿಳಿಯುವಂತೆ ಕಾರಣ ಬರೆಯದ ಅಂಕಿಯನ್ನು ಯಾರು ಯಾಕೆ ಪಾಲಿಸಬೇಕು? ಇಲಿಯ ಬಗ್ಗೆ ಕಾಕಾ ಹೇಳಿದ್ದೂ ನಿಜವೇ, ಅದಕ್ಕೆ ಬೀಮಿನ ಬದಿಗೆ ಕಲ್ಲು ನಿಲ್ಲಿಸುವುದನ್ನು ಮೊದಲೇ ಡ್ರಾಯಿಂಗಿನಲ್ಲಿ ತೋರಿಸುತ್ತೇವೆ. ಆ ಜ್ಯೂರಿಯ ಹುಡುಗಿಗೆ ಮುಂದಿನ ಸೆಮಿಸ್ಟರಿನಲ್ಲಿ ಈ ಕಥೆ ಪೂರ್ತಿ ಹೇಳಿದೆ.

ಇಂಜಿನಿಯರ್ ಹುಡುಗ ಒಂದೂವರೆ ವರ್ಷ ನಮ್ಮಲ್ಲೇ ಇದ್ದು ಬೆಂಗಳೂರಿಗೆ ಹೋದ. ಆ ದಿನದ ಮಾತನ್ನು ಅವನು ತೆಗೆಯಲಿಲ್ಲ, ನಾನು ಇನ್ನೊಮ್ಮೆ ಕ್ಷಮೆ ಕೇಳಿದಾಗ "ಬಿಡ್ರಿ ಸರ್" ಎಂದ.

ಗಾಜಿನ ಪಟ್ಟಿಗಳು ಒಡೆಯಲಿಲ್ಲ. ಗೋಡೆ ತನ್ನ ಜಾಗಕ್ಕೆ ಬಂತು, ಬಿರುಕು ಹೊಲಿಸಿ ಬಣ್ಣ ಹಚ್ಚಿಸಿದೆವು. ಆದರೆ ನೋಡದೆ ಹೆರೆಸಿದ್ದೆನಲ್ಲ, ಆ ಬಾಗಿಲಿನ ಮೇಲೆ ಈಗ ಬೆರಳಷ್ಟು ಸಂದಿ. ಹೊಸ ಬಾಗಿಲು ಹಾಕಿಸಿಕೊಡುತ್ತೇನೆ ಎಂದೆ, ಮಾಸ್ತರರು ಬೇಡ ಎಂದರು. ಕಳೆದ ತಿಂಗಳು ಹೋದಾಗ ಅವರ ಮನೆಯವರು ಆ ಸಂದಿಗೆ ಹಳೆ ಇಳಕಲ್ ಸೀರೆಯ ಅಂಚನ್ನು ಮಡಚಿ ಹೊಲಿದು ಬಡಿದಿದ್ದರು.