ದೀಪ ಹಚ್ಚೋ ಹೊತ್ತಿಲ್ಲದ ಊರಲ್ಲಿ

ನಮ್ಮ ಮನೆ ಫ್ರಿಜ್ ಬಾಗಿಲ ಮೇಲೆ ಒಂದು ಮ್ಯಾಗ್ನೆಟ್ ಇದೆ. ತಿರುಪತಿಯದ್ದಲ್ಲ, ಧರ್ಮಸ್ಥಳದ್ದೂ ಅಲ್ಲ. ಮಗನನ್ನು ಇಲ್ಲಿಯ ಶಾಲೆಗೆ ಸೇರಿಸಿದಾಗ ಕೈಗೆ ಬಂದದ್ದು. ಅದರ ಮೇಲೆ ಬರೆದಿರೋದು ಇಷ್ಟು: 12 ವರ್ಷದವರೆಗಿನ ಮಕ್ಕಳು ರಾತ್ರಿ 8ರ ಮೇಲೆ, 13ರಿಂದ 16ರವರು 10ರ ಮೇಲೆ ದೊಡ್ಡವರಿಲ್ಲದೆ ಹೊರಗಿರುವಂತಿಲ್ಲ. ಮೇ 1ರಿಂದ ಸೆಪ್ಟೆಂಬರ್ 1ರವರೆಗೆ ಎರಡು ಗಂಟೆ ರಿಯಾಯಿತಿ. ಇದು ಶಾಲೆಯ ಬುದ್ಧಿಮಾತಲ್ಲ, ಐಸ್‌ಲ್ಯಾಂಡಿನ ಕಾನೂನು.

ತಿಪಟೂರಿನಲ್ಲಿ ನಮ್ಮಜ್ಜಿ ಇದೇ ಕಾನೂನನ್ನು ಒಂದು ಮಾತಿನಲ್ಲಿ ಮುಗಿಸುತ್ತಿದ್ದರು: "ದೀಪ ಹಚ್ಚೋ ಹೊತ್ತಿಗೆ ಮನೇಲಿರ್ಬೇಕು." ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯವಿಕ್‌ನಲ್ಲಿ ಆ ಮಾತು ನಡೆಯೋದಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ದೀಪ ಹಚ್ಚಬೇಕು, ಜೂನ್‌ನಲ್ಲಿ ಹಚ್ಚುವ ಪ್ರಮೇಯವೇ ಬರೋದಿಲ್ಲ. ಹಾಗಾಗಿ ಗಡಿಯಾರ.

ಮಗ ಎಂಟನೇ ತರಗತಿಗೆ ಬಂದ ವರ್ಷ ಶಾಲೆಯಿಂದ ಕರೆ ಬಂತು. ಮದ್ಯ, ಸಿಗರೇಟು, ಗಾಂಜಾ ಕುರಿತು ಸಭೆ. ನನಗೆ ಇಂಥ ಸಭೆ ಗೊತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಯಾರೋ ಬಂದು ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿ ನಮ್ಮನ್ನು ಹೆದರಿಸಿ ಹೋಗಿದ್ದರು. ಅವತ್ತು ಸಂಜೆಯೇ ಅಜ್ಜಿ ನನ್ನ ಕೈಗೆ ಚಿಲ್ಲರೆ ಕೊಟ್ಟು ಕಡ್ಡಿಪುಡಿ ತರೋಕೆ ಅಂಗಡಿಗೆ ಕಳಿಸಿದ್ದರು. ನಾನು ತಂದುಕೊಟ್ಟೆ. ಇದರಲ್ಲಿ ವಿರೋಧಾಭಾಸ ಇದೆ ಅಂತ ನನಗಾಗಲಿ ಅಜ್ಜಿಗಾಗಲಿ ಅನ್ನಿಸಿರಲಿಲ್ಲ.

ಇಲ್ಲಿಯ ಸಭೆಗೆ ಹೋದರೆ ಒಂದು ಮಗುವೂ ಇಲ್ಲ. ಕುರ್ಚಿ ತುಂಬ ಅಪ್ಪ ಅಮ್ಮಂದಿರು. ಪಾಠ ನಮಗೆ.

ಇದರ ಹಿಂದೆ ಒಂದು ಕಥೆ ಇದೆ. 1990ರ ದಶಕದಲ್ಲಿ ಯುರೋಪಿನಲ್ಲೇ ಅತಿಯಾಗಿ ಕುಡಿಯುವ ಹದಿಹರೆಯದವರ ಸಾಲಿನಲ್ಲಿ ಐಸ್‌ಲ್ಯಾಂಡಿನ ಮಕ್ಕಳಿದ್ದರು. ಶುಕ್ರವಾರ ರಾತ್ರಿ ಪೇಟೆಬೀದಿಯಲ್ಲಿ ನಡೆಯೋಕೇ ಭಯವಾಗುತ್ತಿತ್ತು ಅಂತ ನನ್ನ ವಯಸ್ಸಿನ ಸಹೋದ್ಯೋಗಿಗಳು ಈಗ ನಗುತ್ತಾ ಹೇಳುತ್ತಾರೆ, ಆ ಗುಂಪಿನಲ್ಲಿ ತಾವೂ ಇದ್ದವರಂತೆ. ಶಾಲೆಗಳಲ್ಲಿ ಅಪಾಯದ ಪಾಠ ಆಗಲೂ ನಡೆಯುತ್ತಿತ್ತು, ಮಕ್ಕಳು ಅದನ್ನು ಕೇಳಿಯೂ ಕುಡಿಯುತ್ತಿದ್ದರು. 1992ರಲ್ಲಿ ದೇಶದ ಎಲ್ಲ ಶಾಲೆಗಳ 14ರಿಂದ 16ರ ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟರು. ಕುಡಿದಿದ್ದೀಯಾ ಅಂತಷ್ಟೇ ಅಲ್ಲ, ಅಪ್ಪ ಅಮ್ಮನ ಜೊತೆ ಎಷ್ಟು ಹೊತ್ತು ಕಳೆಯುತ್ತೀಯಾ ಅಂತಲೂ ಕೇಳಿದರು. ಅಮೆರಿಕದಿಂದ ಬಂದ ಮನೋವಿಜ್ಞಾನಿ ಹಾರ್ವಿ ಮಿಲ್ಕ್‌ಮನ್, ಇಲ್ಲಿಯವರೇ ಆದ ಸಂಶೋಧಕಿ ಇಂಗಾ ದೋರಾ ಮುಂತಾದವರು ಆ ಉತ್ತರಗಳನ್ನು ಜಾಲಾಡಿದಾಗ ಕುಡಿಯದ ಮಕ್ಕಳಲ್ಲಿ ಕಂಡದ್ದು ಹೆಚ್ಚಿನ ತಿಳಿವಳಿಕೆಯಲ್ಲ. ವಾರಕ್ಕೆ ಮೂರು ನಾಲ್ಕು ಸಲ ಆಟವೋ ಸಂಗೀತವೋ ಇತ್ತು, ವಾರದ ದಿನಗಳಲ್ಲೂ ಮನೆಯವರ ಜೊತೆ ಹೊತ್ತು ಕಳೆಯುತ್ತಿದ್ದರು, ಶಾಲೆಯಲ್ಲಿ ತಮ್ಮನ್ನು ಕೇಳುವವರಿದ್ದಾರೆ ಅನ್ನಿಸಿತ್ತು, ತಡರಾತ್ರಿ ಬೀದಿಯಲ್ಲಿರುತ್ತಿರಲಿಲ್ಲ.

ಅಲ್ಲಿಂದ ಕೆಲಸ ದೊಡ್ಡವರ ತಲೆಗೆ ಬಂತು. ಮಕ್ಕಳ ಕ್ಲಬ್ ಶುಲ್ಕಕ್ಕೆ ರೇಕ್ಯವಿಕ್ ನಗರಸಭೆಯೇ ಮಗುವಿಗೆ ವರ್ಷಕ್ಕೆ 75,000 ಕ್ರೋನ ಕೊಡುತ್ತದೆ, ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿಗೂ ಮೇಲೆ. ನಮ್ಮವನ ಹ್ಯಾಂಡ್‌ಬಾಲ್ ನಡೆಯೋದು ಅದರಲ್ಲೇ. 15-16 ವಯಸ್ಸಿನವರಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡವರು 1998ರಲ್ಲಿ ಶೇ. 42, 2016ರ ಹೊತ್ತಿಗೆ ಶೇ. 5. ದಿನಾ ಸಿಗರೇಟು ಸೇದುವವರು ಶೇ. 23ರಿಂದ 3ಕ್ಕೆ ಇಳಿದಿದ್ದರು.

ಸಭೆಯ ಕೊನೆಗೆ ಒಂದು ಕಾಗದ ಬಂತು. ಮಕ್ಕಳಿಗೆ ಮದ್ಯ ಕೊಡಿಸುವುದಿಲ್ಲ, ದೊಡ್ಡವರಿಲ್ಲದ ಪಾರ್ಟಿಗೆ ಕಳಿಸುವುದಿಲ್ಲ, ಇನ್ನೊಬ್ಬರ ಮಗು ಕುಡಿದದ್ದು ಕಂಡರೆ ಅವರ ಮನೆಗೆ ತಿಳಿಸುತ್ತೇವೆ ಅಂತ ತಾಯಿತಂದೆಯರು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಒಪ್ಪಂದ. ಕೊನೆಯದ್ದು ಓದಿ ನನಗೆ ನಗು ಬಂತು. ನಮ್ಮ ಬೀದಿಯಲ್ಲಿ ಇದಕ್ಕೆ ಸಹಿ ಬೇಕಿರಲಿಲ್ಲ. ಬಸ್‌ಸ್ಟ್ಯಾಂಡ್ ಹಿಂದೆ ಒಬ್ಬ ಬೀಡಿ ಹಚ್ಚಿದರೆ, ಅದು ಆರುವ ಮೊದಲೇ ಸುದ್ದಿ ಮನೆ ಮುಟ್ಟುತ್ತಿತ್ತು. ಆದರೆ ಆ ಬೀದಿಯನ್ನು ಹೊಗಳೋಕೆ ಹೊರಟಿಲ್ಲ ನಾನು. ಅದೇ ಜನ ಮಕ್ಕಳ ಕೈಲೇ ಬೀಡಿ ಕಟ್ಟು ತರಿಸುತ್ತಿದ್ದರು. ಇನ್ನು ಹುಡುಗಿಯರ ವಿಷಯದಲ್ಲಿ ಅವರು ಮುಟ್ಟಿಸುತ್ತಿದ್ದ ಸುದ್ದಿಯೇ ಬೇರೆ.

ಶುಕ್ರವಾರ ರಾತ್ರಿ ಸರದಿ ಪ್ರಕಾರ ನಾವು ತಾಯಿತಂದೆಯರು ಹಳದಿ ಜಾಕೆಟ್ ಹಾಕಿಕೊಂಡು ಬಡಾವಣೆ ಸುತ್ತುತ್ತೇವೆ. "ಬೈಯಬೇಡ, ಫೋಟೊ ತೆಗೀಬೇಡ, ನಾವು ಅವರ ಕಣ್ಣಿಗೆ ಬಿದ್ದರೆ ಸಾಕು," ಅಂತ ಮೊದಲ ದಿನವೇ ಜೊತೆಗಿದ್ದಾಕೆ ಹೇಳಿಕೊಟ್ಟಳು. "ಅಮ್ಮಾ, ಈಜುಕೊಳದ ಕಡೆ ಮಾತ್ರ ಬರಬೇಡ, ಮರ್ಯಾದೆ ಹೋಗುತ್ತೆ," ಅಂತ ಮಗ ಮನೆಯಲ್ಲೇ ಗೋಗರೆದಿದ್ದ. ಈಜುಕೊಳದ ಕಡೆಗೇ ಹೋದೆವು. ಗೋಡೆಗೊರಗಿ ನಾಲ್ಕು ಜನ ಹುಡುಗರು, ಪುಣ್ಯಕ್ಕೆ ನಮ್ಮವನಿಲ್ಲ. ಒಬ್ಬ ಗುಂಡನೆಯ ಪುಟ್ಟ ಡಬ್ಬಿಯನ್ನು ಜೇಬಿಗಿಳಿಸಿದ. ತುಟಿ ಒಂದು ಕಡೆ ಉಬ್ಬಿತ್ತು. ಆ ಉಬ್ಬು ನನಗೆ ಹೊಸದಲ್ಲ, ನಮ್ಮ ಸೋದರಮಾವನ ತುಟಿ ನಾನು ನೋಡಿದಾಗಲೆಲ್ಲ ಹಾಗೇ ಇರುತ್ತಿತ್ತು. ಇಲ್ಲಿ ತಂಬಾಕಿಲ್ಲದ, ಬರೀ ನಿಕೋಟಿನ್ನಿನ ಬಿಳಿ ಪುಟ್ಟ ಚೀಲ, ಪುದೀನ ವಾಸನೆ. 18ರೊಳಗಿನವರಿಗೆ ಮಾರಬಾರದು ಅಂತ 2022ರಲ್ಲಿ ಕಾನೂನು ಬಂದಿದೆ, ಡಬ್ಬಿ ಜೇಬಿಗೆ ಬರೋದು ನಿಂತಿಲ್ಲ. ಶೇ. 42 ಮತ್ತು 5ರ ಕಥೆ ಹೇಳಿಕೊಂಡು ಹಿಗ್ಗುವವರು ಈ ಡಬ್ಬಿಯ ಹತ್ತಿರ ಬಂದಾಗ ದನಿ ತಗ್ಗಿಸುತ್ತಾರೆ.

ಜೊತೆಗಾತಿ ಹುಡುಗರನ್ನು ಹೆಸರು ಹಿಡಿದು ಮಾತಾಡಿಸಿದಳು. ನಾಳೆ ಪಂದ್ಯ ಎಷ್ಟು ಗಂಟೆಗೆ ಅಂತ ಕೇಳಿದಳು. ಡಬ್ಬಿಯ ಮಾತೇ ಇಲ್ಲ. ಐದು ನಿಮಿಷಕ್ಕೆ ಗುಂಪು ಕರಗಿತು. ಮನೆಗೆ ಬರುವ ದಾರಿಯಲ್ಲಿ ಆಕೆ ಒಬ್ಬ ಹುಡುಗನ ಅಪ್ಪನಿಗೆ ಫೋನ್ ಮಾಡಿದಳು. ಆತ ಥ್ಯಾಂಕ್ಸ್ ಹೇಳಿದ್ದು ನನಗೂ ಕೇಳಿಸಿತು. ನಮ್ಮಲ್ಲಾಗಿದ್ದರೆ ಜಗಳ ಆಗುತ್ತಿತ್ತೇನೋ.

ಭಾನುವಾರ ತಂಗಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಜೂನ್ 26ಕ್ಕೆ ಮಾದಕವಸ್ತು ವಿರೋಧಿ ದಿನ ಅಂತ ಅವಳ ಮಗಳ ಶಾಲೆಯಲ್ಲಿ ಜಾಥಾ ಮಾಡಿಸಿದ್ದರಂತೆ, ಪ್ರಬಂಧದಲ್ಲಿ ಇವಳಿಗೇ ಮೊದಲ ಬಹುಮಾನ. ಗೇಟಿನ ಪಕ್ಕ 100 ಗಜದೊಳಗೆ ತಂಬಾಕು ಮಾರಬಾರದೆಂಬ ಬೋರ್ಡಿದೆ, ಬೋರ್ಡಿನ ಎದುರಿಗೇ ಗೂಡಂಗಡಿ.

"ಆ ಮ್ಯಾಗ್ನೆಟ್‌ದು ಫೋಟೊ ಕಳಿಸೇ ಅಕ್ಕ," ಅಂದಳು. ಕಳಿಸಿದೆ. ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇವಳು ಟ್ಯೂಷನ್ ಮುಗಿಸ್ಕೊಂಡು ಬರೋದೇ ಒಂಬತ್ತೂವರೆ ಆಗುತ್ತಲ್ಲೇ."

"ಮತ್ತೆ ಆಟಕ್ಕೆ ಯಾವಾಗ ಹೋಗ್ತಾಳೆ?"

"ಎಸ್ಸೆಸ್ಸೆಲ್ಸಿ ಒಂದು ಮುಗೀಲಿ," ಅಂದಳು.