ಮನೆಯ ಮೇಜು, ದಿನಕ್ಕೊಂದು ಫೋಟೋ: 112ನೇ ದಿನದವರೆಗೆ

ದಿನ 1

ಇವತ್ತಿಂದ ದಿನಕ್ಕೊಂದು ಫೋಟೋ. ನನ್ನದೇ ಮನೆ, ನನ್ನದೇ ಜನ. ಹನ್ನೆರಡು ವರ್ಷದಿಂದ ಬೇರೆಯವರ ಮದುವೆ, ನಾಮಕರಣ ಅಂತ ಕ್ಯಾಮೆರಾ ಹಿಡಿದು ಓಡಾಡಿದ್ದೇನೆ. ನಮ್ಮ ಮನೆಯ ಒಂದು ಮಾಮೂಲಿ ಮಂಗಳವಾರ ಹೇಗಿತ್ತು ಅಂತ ಯಾರಾದರೂ ಕೇಳಿದರೆ ತೋರಿಸೋಕೆ ಒಂದು ಚಿತ್ರವೂ ಇಲ್ಲ. ಅದು ತುಂಬಾ ದಿನದಿಂದ ಕೊರೆಯುತ್ತಿತ್ತು.

ನಾನೇ ಹಾಕಿಕೊಂಡ ನಿಯಮ: 35 ಎಂಎಂ ಲೆನ್ಸ್ ಒಂದೇ. ಫ್ಲ್ಯಾಶ್ ಬೇಡ. ಯಾರಿಗೂ "ಈ ಕಡೆ ನೋಡು" ಅನ್ನಬಾರದು.

ಈ ಆಸೆ ಹುಟ್ಟಿಸಿದವರು ಅಮೆರಿಕದ ಛಾಯಾಗ್ರಾಹಕ ಜೇಮಿ ಲಿವಿಂಗ್‌ಸ್ಟನ್. 1979ರ ಮಾರ್ಚ್ 31ರಿಂದ ತೆಗೆದ ಕೂಡಲೇ ಚಿತ್ರ ಕೈಗೆ ಕೊಡುವ ಪೋಲರಾಯ್ಡ್ ಎಸ್ಎಕ್ಸ್-70 ಕ್ಯಾಮೆರಾದಲ್ಲಿ ದಿನಕ್ಕೊಂದೇ ಚಿತ್ರ ತೆಗೆಯುತ್ತಾ ಹೋದರು. ಗೆಳೆಯರು, ತಟ್ಟೆ, ಹಾಸಿಗೆ, ಕೊನೆಗೆ ಆಸ್ಪತ್ರೆ. 1997ರ ಅಕ್ಟೋಬರ್ 25ರಂದು, ತಮ್ಮ 41ನೇ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಆರು ಸಾವಿರಕ್ಕೂ ಜಾಸ್ತಿ ಚಿತ್ರಗಳು ಉಳಿದವು. ಒಂದೊಂದಾಗಿ ನೋಡಿದರೆ ಎಷ್ಟೋ ಚಿತ್ರಗಳಲ್ಲಿ ಏನೂ ಇಲ್ಲ. ಸಾಲಾಗಿ ನೋಡುತ್ತಾ ಹೋದರೆ ಕಣ್ಣು ತುಂಬುತ್ತದೆ.

ದಿನ 9

ಚಿತ್ರಗಳು ಚೆನ್ನಾಗಿವೆ. ಅದೇ ತೊಂದರೆ. ಪರದೆಯ ಮೇಲೆ ಬಿಸಿಲು, ಲೋಟದ ಹಬೆ, ಗೋಡೆಯ ಮೇಲೆ ನೆರಳು. ಯಾರ ಮನೆಯಲ್ಲಿ ಬೇಕಾದರೂ ತೆಗೆದಿರಬಹುದು. ಒಂಬತ್ತು ದಿನವೂ ಬೆಳಕಿನ ಹಿಂದೆ ಓಡಿದ್ದೇನೆ, ಮನೆಯವರ ಕಡೆ ನೋಡೇ ಇಲ್ಲ.

ದಿನ 23

ಓಡಾಟ ಸಾಕು. ಇನ್ನು ಮೇಲೆ ಒಂದೇ ಜಾಗ. ಅಡುಗೆಮನೆ ಬಾಗಿಲ ಚೌಕಟ್ಟಿಗೆ ಎಡಭುಜ ಆನಿಸಿ ನಿಂತರೆ ಊಟದ ಮೇಜು, ನಾಲ್ಕು ಕುರ್ಚಿ, ಬಲಗಡೆ ಕಿಟಕಿ, ಇಷ್ಟೂ ಚೌಕಟ್ಟಿನೊಳಗೆ ಬರುತ್ತವೆ. ಹಗಲಾಗಲಿ ರಾತ್ರಿಯಾಗಲಿ, ಅಲ್ಲಿಂದಲೇ ಕ್ಲಿಕ್.

ಧೈರ್ಯ ಕೊಟ್ಟದ್ದು ಜೆಕ್ ಛಾಯಾಗ್ರಾಹಕ ಯೋಸೆಫ್ ಸುಡೆಕ್ ಅವರ ಕಿಟಕಿ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಪ್ರಾಗ್ ನಗರದ ತಮ್ಮ ಪುಟ್ಟ ಸ್ಟುಡಿಯೋದ ಕಿಟಕಿಯನ್ನು 1940ರಿಂದ 1954ರವರೆಗೆ ಮತ್ತೆ ಮತ್ತೆ ತೆಗೆದರು. ಗಾಜಿಗೆ ಒಂದು ದಿನ ಮಂಜು, ಇನ್ನೊಂದು ದಿನ ನೀರಹನಿ, ಆಚೆ ಒಂದು ಸೊಟ್ಟ ಮರ. ಕಿಟಕಿ ಅದೇ, ಆದರೂ ಒಂದು ಚಿತ್ರ ಇನ್ನೊಂದರ ಹಾಗಿಲ್ಲ.

ದಿನ 31

ರಾತ್ರಿಯ ಚಿತ್ರಗಳಲ್ಲಿ ಕಪ್ಪು ಪಟ್ಟಿ ಬರುತ್ತಿದ್ದವು. ಎರಡು ದಿನ ಲೆನ್ಸ್ ಮೇಲೆ ಅನುಮಾನ ಪಟ್ಟೆ. ಕಾರಣ ಅದಲ್ಲ. ಮಗಳು ಓದುವಾಗ ಸದ್ದಾಗಬಾರದು ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದೆ. 50 ಹರ್ಟ್ಸ್ ಕರೆಂಟಿನಲ್ಲಿ ಕೆಲವು ಎಲ್ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗಲ್ಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಅದಕ್ಕೆ ಗೊತ್ತಾಗುತ್ತದೆ. ಶಟರ್ ವೇಗ ಸೆಕೆಂಡಿನ 1/50ಕ್ಕೆ ಇಳಿಸಿದೆ, ಅಷ್ಟರಲ್ಲಿ ದೀಪ ಸರಿಯಾಗಿ ಎರಡು ಸಲ ಮಿಣುಕುತ್ತದೆ, ಪಟ್ಟಿ ಹೋಯಿತು. ಬದಲಿಗೆ ಬರೆಯುವ ಮಗಳ ಕೈ ಸ್ವಲ್ಪ ಅಲುಗಿದ ಹಾಗೆ ಬರುತ್ತದೆ. ನನಗೆ ಅದೇ ಇಷ್ಟ. ಅವಳ ಕೈ ಒಂದು ಕಡೆ ನಿಂತದ್ದು ಯಾವಾಗ?

ದಿನ 48

ಬರೆಯೋಕೆ ಮನಸ್ಸೇ ಇಲ್ಲ. 37ರಿಂದ 47ರವರೆಗಿನ ಹನ್ನೊಂದು ದಿನದ ಚಿತ್ರಗಳು ಹೋದವು. ಕಂಪ್ಯೂಟರಿಗೆ ಹಾಕಿದ್ದೇನೆ ಅಂದುಕೊಂಡು ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ ಖಾಲಿ ಮಾಡಿದೆ, ಹಾಕಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅದೇ ಕಾರ್ಡಿನಲ್ಲಿ ಒಂದು ಇಡೀ ಮದುವೆ ತೆಗೆದು ಆಗಿತ್ತು. ಹಳೆಯದರ ಜಾಗದಲ್ಲಿ ಹೊಸ ಚಿತ್ರ ಕೂತ ಮೇಲೆ ಹಳೆಯದು ಸಿಗುವುದಿಲ್ಲ. ಗಿರಾಕಿಗಳ ಚಿತ್ರಕ್ಕೆ ನಾನು ಯಾವಾಗಲೂ ಮೂರು ಪ್ರತಿ ಇಡುತ್ತೇನೆ, ಎರಡು ಬೇರೆ ಡ್ರೈವ್, ಮೂರನೆಯದು ಮನೆಯಿಂದ ಆಚೆ. ಇವತ್ತಿಂದ ನಮ್ಮ ಮನೆಯ ಚಿತ್ರಕ್ಕೂ ಅದೇ ಮರ್ಯಾದೆ.

ದಿನ 55

ಅಮ್ಮ ಇವತ್ತು ಕೈ ಅಡ್ಡ ಹಿಡಿದರು. "ಬೇಡ ಕಣೇ, ತಲೆ ಕೂಡ ಬಾಚಿಲ್ಲ." ತೆಗೆಯಲಿಲ್ಲ. ಅವರು ಎದ್ದು ಹೋದ ಮೇಲೆ ಖಾಲಿ ಕುರ್ಚಿ ತೆಗೆದೆ. ಹೊಸ ನಿಯಮ ಸೇರಿಸಿದ್ದೇನೆ: ರಾತ್ರಿ ಚಿತ್ರವನ್ನು ಎಲ್ಲರಿಗೂ ತೋರಿಸುವುದು. ಯಾರು ಬೇಡ ಅಂದರೂ ಅಳಿಸುವುದು, ಮತ್ತೆ ವಾದ ಇಲ್ಲ. ಮನೆಯವರು ಅಂದ ಮಾತ್ರಕ್ಕೆ ಕೇಳದೆ ತೆಗೆಯಬಹುದು ಅಂತ ಏನಿಲ್ಲ ಅಲ್ವಾ?

ದಿನ 80

ಇವತ್ತಿನದು ಸ್ವಲ್ಪ ಉದ್ದ.

ಚಿತ್ರಗಳನ್ನೆಲ್ಲ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ನೆಲದ ಮೇಲೆ ಹರಡಿದೆ. ಕಂಪ್ಯೂಟರಿನಲ್ಲಿ ಒಂದಾದ ಮೇಲೆ ಒಂದು ನೋಡುವಾಗ ಕಾಣದ್ದು ನೆಲದ ಮೇಲೆ ಕಾಣುತ್ತದೆ. ಮಂಡಿಯೂರಿ ಕೂತು, ಸುಮ್ನೆ ಮೇಜಿನ ಮೇಲಿನ ಸಾಮಾನು ನೋಡುತ್ತಾ ಹೋದೆ. ಮಗಳ ಪೆನ್ಸಿಲ್ ಡಬ್ಬಿ ಬದಲಾಗಿದೆ. ಅಮ್ಮನ ಕನ್ನಡಕದ ಕಾಲಿಗೆ ನೀಲಿ ದಾರ ಸುತ್ತಿದೆ.

ಆಮೇಲೆ ಅಮ್ಮನ ಕುರ್ಚಿ ಕಣ್ಣಿಗೆ ಬಿತ್ತು. 24ನೇ ದಿನ ಅದು ಗೋಡೆಗೆ ಒರಗಿತ್ತು. 36ಕ್ಕೆ ಮೇಜಿನ ಮಧ್ಯಕ್ಕೆ ಬಂದಿದೆ. ನಡುವೆ ಆ ಹನ್ನೊಂದು ದಿನ ಖಾಲಿ. 58ರಲ್ಲಿ ಕುರ್ಚಿ ಕಿಟಕಿಗೆ ತಾಗಿ ನಿಂತಿದೆ. ಪೇಪರ್ ಹಿಡಿದ ಅಮ್ಮನ ಕೈ ಬೆಳಕಿನ ಕಡೆ ಚಾಚಿದೆ, ಹೆಬ್ಬೆರಳು ಓದುವ ಸಾಲಿನ ಕೆಳಗೇ ಒತ್ತಿದೆ. ನಾನು ಪ್ರತಿದಿನ ಅದೇ ಬಾಗಿಲಲ್ಲಿ ನಿಂತು ಇದನ್ನು ತೆಗೆದಿದ್ದೇನೆ. ಒಂದು ದಿನವೂ ನೋಡಿಲ್ಲ.

ರಾತ್ರಿ ಹತ್ತಿರ ಕೂತು ಕೇಳಿದೆ. "ಅಕ್ಷರ ಮಸುಕು ಮಸುಕು ಅನ್ನಿಸುತ್ತೆ. ವಯಸ್ಸಾಯ್ತಲ್ಲ, ನಿನಗ್ಯಾಕೆ ಇದೆಲ್ಲ ಅಂತ ಹೇಳಲಿಲ್ಲ" ಅಂದರು.

ದಿನ 84

ಎರಡೂ ಕಣ್ಣಿಗೆ ಪೊರೆ. ಕಣ್ಣೊಳಗಿನ ಮಸೂರ ಮಬ್ಬಾಗಿ ಬೆಳಕು ಸರಿಯಾಗಿ ಒಳಗೆ ಹೋಗುವುದಿಲ್ಲ, ಅದಕ್ಕೇ ಅಮ್ಮ ಕಿಟಕಿ ಹುಡುಕಿದ್ದು. ಮೊದಲು ಬಲಗಣ್ಣಿನ ಆಪರೇಷನ್.

ದಿನ 97

ಆಪರೇಷನ್ ಆಯಿತು. ಚಿತ್ರದಲ್ಲಿ ಮೂರು ಕುರ್ಚಿಯಲ್ಲಿ ಜನ ಇದ್ದಾರೆ, ಕಿಟಕಿ ಪಕ್ಕದ್ದು ಖಾಲಿ. ಅಮ್ಮ ಒಳಗೆ ಮಲಗಿದ್ದರು.

ದಿನ 112

ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ಅಮ್ಮ ಮೇಜಿನ ಮಧ್ಯದಲ್ಲಿ ಕೂತು, ನೆಲದ ಮೇಲೆ ಹರಡಿದ್ದ ಪ್ರಿಂಟ್‌ಗಳನ್ನು ತಾವೇ ಎತ್ತಿಟ್ಟುಕೊಂಡು ಒಂದೊಂದಾಗಿ ನೋಡುತ್ತಿದ್ದರು. "ಈ ಗೋಡೆಗೆ ಇಷ್ಟು ಹಳದಿ ಬಣ್ಣ ಹೊಡೆಸಿದ್ದು ಯಾರೇ?" ಅಂತ ಕೇಳಿದರು. ಆರು ವರ್ಷದ ಹಿಂದೆ ಅವರೇ ಆರಿಸಿದ ಬಣ್ಣ. ಕ್ಲಿಕ್. ರಾತ್ರಿ ತೋರಿಸಿದೆ, ಅಳಿಸು ಅನ್ನಲಿಲ್ಲ. ಎಡಗಣ್ಣಿಗೆ ಮುಂದಿನ ತಿಂಗಳು.